ದಿವಾಳಿ ಅರ್ಜಿ ಹಾಕಿದರೆ ಮನೆ, ಒಡವೆ, ಜಮೀನು, ಪಿಎಫ್ ಏನಾಗುತ್ತವೆ?

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಒಂದು ಮುದ್ರಣಾಲಯ ನಡೆಸುತ್ತಿದ್ದೇನೆ. ಪಾಲುದಾರರಿಲ್ಲ, ನಾನೊಬ್ಬನೇ ಮಾಲೀಕ. ಸಾಲ ಒಟ್ಟು 46 ಲಕ್ಷ ರೂಪಾಯಿ ಆಗಿದೆ: ಮನೆ ಸಾಲದ ಬಾಕಿ 17 ಲಕ್ಷ, ಆಫ್‌ಸೆಟ್ ಯಂತ್ರಕ್ಕೆ ಬ್ಯಾಂಕಿನಿಂದ ತೆಗೆದದ್ದು 9 ಲಕ್ಷ, ಕಾಗದದ ವ್ಯಾಪಾರಿಗಳಿಗೆ, ಕ್ರೆಡಿಟ್ ಕಾರ್ಡಿಗೆ ಮತ್ತು ಕೈಸಾಲ ಕೊಟ್ಟವರಿಗೆ ಸೇರಿ 20 ಲಕ್ಷ. ಮನೆ ನನ್ನ ಹೆಸರಿನಲ್ಲಿದೆ, ಇಂದಿನ ಬೆಲೆ ಸುಮಾರು 38 ಲಕ್ಷ. ಸಾಲಕ್ಕೆ ಹೆಂಡತಿಯೂ ಸಹಿ ಹಾಕಿದ್ದಾಳೆ, ಅವಳು ಶಾಲಾ ಶಿಕ್ಷಕಿ. ಯಂತ್ರ ಮಾರಿದರೆ 6 ಲಕ್ಷ ಬರಬಹುದು. 2012ರಲ್ಲಿ ಕೊಂಡ ಒಂದು ನಿವೇಶನ ಅವಳ ಹೆಸರಿನಲ್ಲಿದೆ. ಹಳೆಯ ನೌಕರಿಯ ಪಿಎಫ್ ಹಣ, ಒಂದು ಜೀವ ವಿಮೆ, ಒಂದು ಸ್ಕೂಟರ್, ಮನೆಯವರ ಒಡವೆ ಇವೆ. ತೀರಿಕೊಂಡ ತಂದೆಯವರ ಹೆಸರಿನಲ್ಲಿ ಊರಿನಲ್ಲಿ ಜಮೀನಿದೆ. ತಾಯಿ, ತಮ್ಮ, ತಂಗಿ ಮತ್ತು ನನ್ನ ನಡುವೆ ಇನ್ನೂ ಭಾಗವಾಗಿಲ್ಲ. ‘ಮನೆಯನ್ನು ಅಕ್ಕನ (ಅಂದರೆ ನನ್ನ ಹೆಂಡತಿಯ) ಹೆಸರಿಗೆ ದಾನಪತ್ರ ಮಾಡಿ, ಜಮೀನಿನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಡಿ, ಆಮೇಲೆ ಐಪಿ (ದಿವಾಳಿ ಅರ್ಜಿ) ಹಾಕಿ’ ಎಂದು ನನ್ನ ಭಾವಮೈದುನ ಹೇಳುತ್ತಾರೆ. ಅರ್ಜಿ ಹಾಕಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಉತ್ತರ: ನಿಮ್ಮ ಭಾವಮೈದುನರ ಸಲಹೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ಪತ್ರದಲ್ಲಿ ತುರ್ತಾಗಿ ತಡೆಯಬೇಕಾದ ಸಂಗತಿ ಅದೊಂದೇ. ದಾನಪತ್ರ ಬೇಡ, ಹಕ್ಕು ಬಿಡುಗಡೆ ಪತ್ರವೂ ಬೇಡ.

ನಿಮಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರ 53ನೇ ಕಲಮಿನ ಪ್ರಕಾರ, ಆಸ್ತಿ ವರ್ಗಾಯಿಸಿದ ಎರಡು ವರ್ಷದೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ವರ್ಗಾಯಿಸಿದವನು ದಿವಾಳಿಯೆಂದು ಘೋಷಿತನಾದರೆ, ಆ ವರ್ಗಾವಣೆಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಇದರಿಂದ ತಪ್ಪಿಸಿಕೊಳ್ಳುವುದು ಎರಡೇ ಬಗೆಯ ವ್ಯವಹಾರಗಳು: ಮದುವೆಗೆ ಮೊದಲು, ಆ ಮದುವೆಯ ಸಲುವಾಗಿಯೇ ಮಾಡಿದ್ದು, ಇಲ್ಲವೇ ಸರಿಯಾದ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವನಿಗೆ ಅಥವಾ ಅಡಮಾನ ಹಿಡಿದವನಿಗೆ ಮಾಡಿಕೊಟ್ಟಿದ್ದು. ಹೆಂಡತಿಗೆ ಕೊಟ್ಟ ದಾನ ಈ ಎರಡರಲ್ಲೂ ಬರುವುದಿಲ್ಲ. ತಮ್ಮನಿಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟ ಹಕ್ಕೂ ಬರುವುದಿಲ್ಲ. ಇದನ್ನು ಪತ್ತೆ ಹಚ್ಚಲು ಯಾರೂ ಕಷ್ಟಪಡಬೇಕಾಗಿಲ್ಲ. ಒಂದು ಋಣಭಾರ ಪ್ರಮಾಣಪತ್ರ ತೆಗೆಸಿದರೆ ಸಾಕು, ದಿನಾಂಕ ಸಮೇತ ಎಲ್ಲವೂ ಅದರಲ್ಲಿರುತ್ತದೆ.

‘ಹಾಗಾದರೆ ಎರಡು ವರ್ಷ ಕಾದು ಅರ್ಜಿ ಹಾಕೋಣ’ ಎನ್ನುವವರಿದ್ದಾರೆ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನ ಅಡಿಯಲ್ಲೂ ಪ್ರಶ್ನಿಸಬಹುದು, ಅಲ್ಲಿ ಈ ಎರಡು ವರ್ಷದ ಗೆರೆ ಇಲ್ಲ. (ಎರಡು ಬೇರೆ ಬೇರೆ ಕಾಯ್ದೆಗಳಲ್ಲಿ ಇದೇ ವಿಷಯಕ್ಕೆ ಇದೇ ಸಂಖ್ಯೆ ಬಿದ್ದಿರುವುದು ಕೇವಲ ಕಾಕತಾಳೀಯ.) ಇನ್ನು ಸಾಲ ಕೊಟ್ಟವರಿಗೆ ಹಂಚಿಕೆಯಾಗಬೇಕಾದ ಆಸ್ತಿಯನ್ನು ದುರುದ್ದೇಶದಿಂದ ಬಚ್ಚಿಡುವುದು ಅಥವಾ ಪರಭಾರೆ ಮಾಡುವುದು ದಿವಾಳಿ ಕಾಯ್ದೆಯಲ್ಲಿ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಅದನ್ನು ಘೋಷಣೆಗೆ ಮೊದಲು ಮಾಡಿದ್ದರೂ ಅಪರಾಧವೇ. ಇಂದು ನೀವು ನಷ್ಟಕ್ಕೆ ಸಿಲುಕಿದ ವ್ಯಾಪಾರಿ, ಕಾನೂನಿನ ದೃಷ್ಟಿಯಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಒಂದು ದಾನಪತ್ರ ನಿಮ್ಮನ್ನು ವಂಚಕನ ಸಾಲಿಗೆ ತಳ್ಳುತ್ತದೆ.

ಇದೇ ಜಾತಿಗೆ ಸೇರಿದ ಇನ್ನೊಂದು ಆಮಿಷವಿದೆ. ಕೈಸಾಲ ಕೊಟ್ಟ ಸ್ನೇಹಿತರಿಗೋ ಸಂಬಂಧಿಕರಿಗೋ ಮೊದಲು ಹಣ ತೀರಿಸಿ, ಬ್ಯಾಂಕಿನವರಿಗೆ ಕೈ ಎತ್ತುವುದು. ಮುಖ ನೋಡಿ ಬದುಕಬೇಕಾದವರಿಗೆ ಮೊದಲು ಕೊಡಬೇಕೆನ್ನಿಸುವುದು ಸಹಜ. ಆದರೆ ಒಬ್ಬರಿಗೆ ಮಾತ್ರ ಅನುಕೂಲವಾಗಲೆಂದು ಅರ್ಜಿಯ ಹಿಂದಿನ ಮೂರು ತಿಂಗಳಲ್ಲಿ ಕೊಟ್ಟ ಹಣವನ್ನು ದಿವಾಳಿ ಕಾಯ್ದೆಯ 54ನೇ ಕಲಮಿನ ಅಡಿಯಲ್ಲಿ ಹಿಂದಕ್ಕೆ ಪಡೆಯಬಹುದು. ಆಗ ಆ ಸ್ನೇಹಿತರು ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ.

ಈಗ ಕಾನೂನಿನ ವಿಷಯ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಬಂದಿದೆ. ಆದರೆ ವ್ಯಕ್ತಿಗಳ ದಿವಾಳಿತನದ ಬಗ್ಗೆ ಹೇಳುವ ಅದರ ಮೂರನೆಯ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂಥ ಒಬ್ಬಂಟಿ ಮಾಲೀಕರು, ಪಾಲುದಾರಿಕೆ ಸಂಸ್ಥೆಗಳು, ಸಂಬಳದವರು ಎಲ್ಲರೂ ಇನ್ನೂ ಬ್ರಿಟಿಷರ ಕಾಲದ ಹಳೆಯ ಕಾಯ್ದೆಯ ಕೆಳಗೇ ಇದ್ದಾರೆ. ಹಿಂದಿನ ಕಲ್ಕತ್ತಾ, ಮದ್ರಾಸ್, ಬೊಂಬಾಯಿ ನಗರಗಳಿಗೆ 1909ರ ಕಾಯ್ದೆ, ಉಳಿದ ಕಡೆಗೆ 1920ರದ್ದು. ಎಷ್ಟು ಹಳೆಯದೆಂದರೆ, 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದೆಂಬ ಮೊತ್ತ ಇಂದಿಗೂ ಅದರಲ್ಲಿ ಹಾಗೇ ಕುಳಿತಿದೆ.

ಜನ ‘ಐಪಿ ಹಾಕುವುದು’ ಎನ್ನುವ ಈ ಅರ್ಜಿ ಸಲ್ಲಿಸಿದ ದಿನವೇ ಎಲ್ಲರ ಬಾಯಿ ಮುಚ್ಚುತ್ತದೆ ಎಂಬ ನಂಬಿಕೆ ಇದೆ. ಹಾಗಾಗುವುದಿಲ್ಲ. ಅರ್ಜಿಯ ಜೊತೆ ನಿಮ್ಮ ಎಲ್ಲ ಸಾಲ, ಎಲ್ಲ ಆಸ್ತಿಯ ಪಟ್ಟಿ ಕೊಡಬೇಕು. ಸಾಲ ಕೊಟ್ಟವರಿಗೆ ನೋಟಿಸ್ ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ಆಮೇಲೆ ನ್ಯಾಯಾಲಯ ನಿಮ್ಮನ್ನು ದಿವಾಳಿ ಎಂದು ಘೋಷಿಸಬಹುದು ಅಥವಾ ಅರ್ಜಿಯನ್ನು ವಜಾ ಮಾಡಬಹುದು. ಆಸ್ತಿ ಕೈಬಿಡುವುದು ಈ ಘೋಷಣೆಯೊಂದಿಗೆ. 1920ರ ಕಾಯ್ದೆಯ 28ನೇ ಕಲಮಿನಂತೆ ನಿಮ್ಮ ಸಮಸ್ತ ಆಸ್ತಿ ನ್ಯಾಯಾಲಯಕ್ಕೆ ಅಥವಾ ಅದು ನೇಮಿಸಿದ ರಿಸೀವರಿಗೆ (ದಿವಾಳಿಯಾದವನ ಆಸ್ತಿಯನ್ನು ವಶಕ್ಕೆ ಪಡೆದು ಸಾಲ ಕೊಟ್ಟವರಿಗೆ ಹಂಚುವವನಿಗೆ) ಸೇರುತ್ತದೆ. ಘೋಷಣೆಗೆ ವರ್ಷಗಳೇ ಹಿಡಿದರೂ ಅದರ ಪರಿಣಾಮ ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ. ಘೋಷಣೆಯ ನಂತರ, ಅಡಮಾನ ಹಿಡಿಯದ ಸಾಲದಾತರು ನ್ಯಾಯಾಲಯದ ಅನುಮತಿಯಿಲ್ಲದೆ ನಿಮ್ಮ ಮೇಲೆ ವಸೂಲಿ ಕ್ರಮ ಕೈಗೊಳ್ಳುವಂತಿಲ್ಲ. ಈ ನೆಮ್ಮದಿಗೆ ತೆರುವ ಬೆಲೆ ಎಂದರೆ ಆಸ್ತಿಯ ಮೇಲಿನ ಹಿಡಿತ.

ಹಾಗಾದರೆ ಎಲ್ಲವೂ ಹೋಗುತ್ತದೆಯೇ? ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಯಾವುದನ್ನು ಜಪ್ತಿ ಮಾಡಬಾರದೆಂದು ಹೇಳುತ್ತದೆಯೋ ಅದು, ಲೆಕ್ಕದ ಪುಸ್ತಕಗಳನ್ನು ಬಿಟ್ಟು, ರಿಸೀವರ್ ಕೈಗೂ ಹೋಗುವುದಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಸಲಕರಣೆ, ರೈತನ ನೇಗಿಲು, ದನ, ಬಿತ್ತನೆ ಬೀಜ, ಪಿಂಚಣಿ, ಪಿಎಫ್, ಜೀವ ವಿಮೆಯ ಹಣ, ಸಂಬಳದ ದೊಡ್ಡ ಭಾಗ ಇವೆಲ್ಲ ಆ ಪಟ್ಟಿಯಲ್ಲಿವೆ.

ನಿಮ್ಮ ಮನೆ ಆ ಪಟ್ಟಿಯಲ್ಲಿಲ್ಲ. ಕೃಷಿಕ, ಕೂಲಿ ಕಾರ್ಮಿಕ ಮತ್ತು ಮನೆಗೆಲಸದವರು ಸ್ವತಃ ವಾಸಿಸುವ ಸ್ವಂತ ಮನೆಗೆ 60ನೇ ಕಲಮು ರಕ್ಷಣೆ ಕೊಡುತ್ತದೆ. ಮುದ್ರಣಾಲಯದ ಮಾಲೀಕನಿಗೆ, ಗುಮಾಸ್ತನಿಗೆ, ಅಂಗಡಿಯವನಿಗೆ ಆ ರಕ್ಷಣೆ ಇಲ್ಲ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ ಎಂದೇ ನನ್ನ ಉತ್ತರ. ಪಟ್ಟಣದ ಸಣ್ಣ ವ್ಯಾಪಾರಿಯ ಒಂದೇ ಸೂರಿಗೂ ಒಂದು ಮಿತಿಯವರೆಗಾದರೂ ರಕ್ಷಣೆ ಇರಬೇಕಿತ್ತು. ಅಲ್ಲದೆ ನಿಮ್ಮ ಮನೆ ಈಗಾಗಲೇ ಅಡಮಾನದಲ್ಲಿದೆ. ಅಡಮಾನ ಹಿಡಿದ ಬ್ಯಾಂಕಿಗೆ ದಿವಾಳಿ ಘೋಷಣೆಯ ತಡೆ ತಟ್ಟುವುದೇ ಇಲ್ಲ. ಅದು 2002ರ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ಪಡೆದು ಹರಾಜು ಹಾಕಬಹುದು. ತನ್ನ ಬಾಕಿ ಮುರಿದುಕೊಂಡ ಮೇಲೆ ಮಿಕ್ಕ ಹಣ ನಿಮ್ಮ ಕೈಗೆ ಬರದೆ ರಿಸೀವರಿಗೆ ಹೋಗುತ್ತದೆ.

ಯಂತ್ರದ ಕಥೆಯೂ ಇದೇ. ಬ್ಯಾಂಕಿನ ಸಾಲಕ್ಕೆ ಅದು ಆಧಾರವಾಗಿರುತ್ತದೆ, ಆದ್ದರಿಂದ ಬ್ಯಾಂಕಿಗೇ ಮೊದಲ ಹಕ್ಕು. ಅದನ್ನು ಕುಶಲಕರ್ಮಿಯ ಸಲಕರಣೆ ಎಂದು ವಾದಿಸಿ ಉಳಿಸಿಕೊಳ್ಳುವ ಆಸೆ ಬೇಡ. ಮಾರಿದ ಬೆಲೆಯಲ್ಲಿ ಸಾಲ ತೀರದಿದ್ದರೆ ಉಳಿದ 3 ಲಕ್ಷಕ್ಕೆ ಬ್ಯಾಂಕು ಕಾಗದದ ವ್ಯಾಪಾರಿಗಳ ಜೊತೆ ಸರತಿಯಲ್ಲಿ ನಿಲ್ಲುತ್ತದೆ. ಸ್ಕೂಟರಿಗೆ ರಕ್ಷಣೆಯಿಲ್ಲ.

ಪಿಎಫ್ ಹಣ ಭದ್ರ. 1952ರ ಭವಿಷ್ಯ ನಿಧಿ ಕಾಯ್ದೆಯ 10ನೇ ಕಲಮು ದಿವಾಳಿ ಕಾಯ್ದೆಯ ರಿಸೀವರನ್ನು ಹೆಸರಿಸಿಯೇ ಅವನಿಗೆ ಈ ಹಣದ ಮೇಲೆ ಹಕ್ಕಿಲ್ಲ ಎಂದಿದೆ. ದಯವಿಟ್ಟು ಅದನ್ನು ಹಿಂತೆಗೆದು ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಸುರಿಯಬೇಡಿ. ವಸೂಲಿಯವರು ಫೋನ್ ಮಾಡಿ ಕಾಡಿದಾಗ ಜನ ಮೊದಲು ಮುರಿಯುವುದು ಇದನ್ನೇ, ಯಾರೂ ಮುಟ್ಟಲಾಗದ ಹಣವನ್ನು ತಾವಾಗಿಯೇ ತಂದು ಕೊಡುತ್ತಾರೆ. ಜೀವ ವಿಮೆಯ ಹಣಕ್ಕೂ 60ನೇ ಕಲಮಿನ ರಕ್ಷಣೆ ಇದೆ. ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ, ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದ್ದರೆ ಅದು ನಿಮ್ಮ ಆಸ್ತಿಯೇ ಅಲ್ಲ, ಅವರ ಪರವಾದ ಟ್ರಸ್ಟ್. ಪಾಲಿಸಿಯ ಮೇಲೆ ಸಾಲ ತೆಗೆದಿದ್ದರೆ ಮಾತ್ರ ವಿಮಾ ಸಂಸ್ಥೆ ಅದನ್ನು ಮೊದಲು ಮುರಿದುಕೊಳ್ಳುತ್ತದೆ.

ಇನ್ನು ನಿಮ್ಮ ಹೆಂಡತಿಯವರದ್ದು. ಅವರ ಸಂಬಳ, ಅವರ ಖಾತೆಯ ಹಣ, ತವರಿನಿಂದ ತಂದ ಮತ್ತು ಅವರಿಗೆಂದು ಕೊಟ್ಟ ಒಡವೆ ಅವರದೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಂತೆ ಅವರೇ ಅದರ ಪೂರ್ಣ ಒಡತಿ. ಗಂಡನ ಸಾಲಕ್ಕೆ ಹೆಂಡತಿಯ ಸ್ವಂತ ಆಸ್ತಿ ಹೊಣೆಯಲ್ಲ. ನಿಮ್ಮ ಹಣದಿಂದ ಹೂಡಿಕೆಗೆಂದು ಕೊಂಡು ಬೀರುವಿನಲ್ಲಿಟ್ಟ ಚಿನ್ನವಿದ್ದರೆ ಅದು ನಿಮ್ಮ ಪಟ್ಟಿಯಲ್ಲಿ ಬರಬೇಕು. ಬ್ಯಾಂಕಿನಲ್ಲಿ ಗಿರವಿ ಇಟ್ಟ ಒಡವೆ ಯಾರದ್ದೇ ಇರಲಿ, ಸಾಲ ತೀರಿಸದಿದ್ದರೆ ನೋಟಿಸ್ ಕೊಟ್ಟು ಮಾರುವ ಹಕ್ಕು ಗಿರವಿ ಹಿಡಿದವರಿಗಿದೆ.

2012ರ ನಿವೇಶನದ ಬಗ್ಗೆ ನಿಮಗೆ ಹೆಚ್ಚು ಚಿಂತೆ ಬೇಡ. ಎರಡು ವರ್ಷದ ಗಡಿ ಎಂದೋ ದಾಟಿದೆ. ‘ಹಣ ಗಂಡನದು, ಹೆಸರಷ್ಟೇ ಹೆಂಡತಿಯದು’ ಎಂದು ಸಾಲ ಕೊಟ್ಟವರು ಎತ್ತಬಹುದು, ಅಂಥ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ದಿವಾಳಿ ನ್ಯಾಯಾಲಯಕ್ಕೆ ಇದೆ ಕೂಡ. ಆದರೆ ಹಾಗೆಂದು ಸಾಬೀತುಪಡಿಸುವ ಹೊರೆ ಅವರದು. ಕೊಳ್ಳುವಾಗ ಈ ಸಾಲಗಳು ಇರಲೇ ಇಲ್ಲ ಎಂಬುದು ನಿಮ್ಮ ಪರವಾದ ದೊಡ್ಡ ಸಂಗತಿ. ಕ್ರಯಪತ್ರವನ್ನೂ ಹೆಂಡತಿಯವರ ಸಂಬಳದ ಖಾತೆಯಿಂದ ಹೋದ ಹಣದ ದಾಖಲೆಯನ್ನೂ ಈಗಲೇ ಹುಡುಕಿ ಒಂದೆಡೆ ಇಡಿ.

ಆದರೆ ಮನೆ ಸಾಲಕ್ಕೆ ಅವರೂ ಸಹಿ ಹಾಕಿದ್ದಾರೆ. ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ಕಾಡಿದ ಸಾಲು ಅದು. ನೀವು ದಿವಾಳಿಯಾಗಿ, ಮುಂದೆ ನ್ಯಾಯಾಲಯ ನಿಮ್ಮನ್ನು ಋಣಮುಕ್ತಗೊಳಿಸಿದರೂ ಜೊತೆಗೆ ಸಹಿ ಹಾಕಿದವರ, ಜಾಮೀನು ನಿಂತವರ ಹೊಣೆ ಕಳಚುವುದಿಲ್ಲ. ಹರಾಜಿನಲ್ಲಿ ಮನೆ ಕಡಿಮೆ ಬೆಲೆಗೆ ಹೋಗಿ ಬಾಕಿ ಉಳಿದರೆ ಬ್ಯಾಂಕು ನೇರವಾಗಿ ಅವರ ಸಂಬಳದ ಕಡೆಗೆ, ಆ ನಿವೇಶನದ ಕಡೆಗೆ ತಿರುಗಬಹುದು. ಕೈಸಾಲದ ಪತ್ರಗಳಿಗೆ ಬೇರೆ ಯಾರಾದರೂ ಜಾಮೀನು ಹಾಕಿದ್ದಾರೆಯೇ ಎಂದು ನೆನಪಿಸಿಕೊಳ್ಳಿ. ನಿಮ್ಮ ಅರ್ಜಿ ಅವರ ಮನೆ ಬಾಗಿಲಿಗೆ ವಸೂಲಿಯವರನ್ನು ಕಳಿಸುತ್ತದೆ.

ಊರಿನ ಜಮೀನು ಭಾಗವಾಗಿಲ್ಲ ಎಂಬುದರಿಂದ ನಿಮ್ಮ ಪಾಲು ಬಚಾವಾಗುವುದಿಲ್ಲ. ಪಹಣಿಯಲ್ಲಿ ತಂದೆಯವರ ಹೆಸರೇ ಇದ್ದರೂ ಅವರು ತೀರಿಕೊಂಡ ದಿನವೇ ವಾರಸುದಾರರ ಹಕ್ಕು ಹುಟ್ಟಿದೆ. ಅದು ಅವರ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೆ ತಾಯಿ ಮತ್ತು ಮೂವರು ಮಕ್ಕಳಿಗೆ ಸಮಪಾಲು, ನಿಮ್ಮದು ನಾಲ್ಕನೆಯ ಒಂದು. ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಎರಡರಲ್ಲೂ ರಿಸೀವರಿಗೆ ಸೇರುವುದು ನಿಮ್ಮ ಪಾಲು ಮಾತ್ರ. ತಾಯಿ, ತಮ್ಮ, ತಂಗಿಯರ ಪಾಲನ್ನು ಅವನು ಮುಟ್ಟಲಾರ. ಆದರೆ ನಿಮ್ಮ ಪಾಲನ್ನು ಬೇರ್ಪಡಿಸಲು ವಿಭಾಗದ ಪ್ರಶ್ನೆ ಎದ್ದು, ಉಳುಮೆ ಮಾಡುತ್ತಿರುವ ತಮ್ಮನಿಗೆ ತಲೆನೋವು ತಪ್ಪದು. ಅವರ ಜೊತೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಮಾರುಕಟ್ಟೆ ಬೆಲೆಗೆ ನಿಮ್ಮ ಪಾಲನ್ನು ಅವರೇ ಕೊಂಡು ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ಪ್ರಾಮಾಣಿಕ ಕ್ರಯ, ಬಿಟ್ಟುಕೊಟ್ಟ ಹಕ್ಕಲ್ಲ. ಇನ್ನೊಂದು ಮಾತು: ಘೋಷಣೆಯ ನಂತರ, ಋಣಮುಕ್ತಿಯ ಮೊದಲು ನಿಮಗೆ ಬರುವ ವಾರಸುದಾರಿಕೆಯೂ ರಿಸೀವರಿಗೇ ಹೋಗುತ್ತದೆ.

ನಿಮ್ಮ ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನ್ಯಾಯವೊಂದರ ಆಧಾರದ ಮೇಲಷ್ಟೇ ಮಗ ಮೊಮ್ಮಕ್ಕಳ ಮೇಲೆ ವಸೂಲಿ ಮಾಡುವುದನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನಿಲ್ಲಿಸಿದೆ. ಆ ತಿದ್ದುಪಡಿಗೆ ಮೊದಲು ಮಾಡಿದ ಸಾಲಗಳಿಗಷ್ಟೇ ಹಳೆಯ ನಿಯಮ.

ನೀವು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಅದರ ಸಾಲಕ್ಕೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ 2016ರ ಸಂಹಿತೆ ಅನ್ವಯಿಸಿ, ಪ್ರಕರಣ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತಿತ್ತು. ಅಲ್ಲಿ ಅಡಮಾನವಿಲ್ಲದ ಒಂದು ವಾಸದ ಮನೆಗೆ ನಗರದಲ್ಲಿ 20 ಲಕ್ಷ, ಗ್ರಾಮಾಂತರದಲ್ಲಿ 10 ಲಕ್ಷ ರೂಪಾಯಿ ಮೌಲ್ಯದವರೆಗೆ ವಿನಾಯಿತಿ ಇದೆ. ಧಾರ್ಮಿಕ ಪದ್ಧತಿಯ ಒಡವೆಗೆ 1 ಲಕ್ಷದ ಮಿತಿ. ವೃತ್ತಿಗೆ ಬೇಕಾದ ಸಲಕರಣೆ, ವಾಹನ ಸಹ ಹೊರಗುಳಿಯುತ್ತವೆ. ಕಂಪನಿಯ ಸಾಲಕ್ಕೆ ಜಾಮೀನು ನಿಂತ ದೊಡ್ಡ ಉದ್ಯಮಿಗೆ ಸಿಗುವ ಈ ಸವಲತ್ತು ಮುದ್ರಣಾಲಯದ ಮಾಲೀಕನಿಗೆ ಸಿಗದಿರುವುದು ಈ ದೇಶದ ದಿವಾಳಿ ಕಾನೂನಿನ ವಿಚಿತ್ರ.

ಇನ್ನು ಅರ್ಜಿಯಿಂದ ಅಳಿಸಿ ಹೋಗದ ಸಾಲಗಳೂ ಇವೆ. ಸರ್ಕಾರಕ್ಕೆ ಕೊಡಬೇಕಾದದ್ದು, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಋಣಮುಕ್ತಿಯ ನಂತರವೂ ಉಳಿಯುತ್ತವೆ. ಜಿಎಸ್‌ಟಿ ಬಾಕಿ ಇದ್ದರೆ ಗಮನಿಸಿ. ಕಾಗದದ ವ್ಯಾಪಾರಿಗಳಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕರಣ ಕ್ರಿಮಿನಲ್ ನ್ಯಾಯಾಲಯದಲ್ಲಿ ತನ್ನ ಪಾಡಿಗೆ ನಡೆಯುತ್ತದೆ. ಋಣಮುಕ್ತಿಯೂ ತಾನಾಗಿ ಬರುವುದಿಲ್ಲ. ನ್ಯಾಯಾಲಯ ನಿಗದಿಪಡಿಸಿದ ಅವಧಿಯಲ್ಲಿ ನೀವೇ ಕೇಳಬೇಕು, ಕೇಳದಿದ್ದರೆ ಘೋಷಣೆಯೇ ರದ್ದಾಗಿ ಸಾಲಗಳು ಮತ್ತೆ ಎದ್ದು ನಿಲ್ಲುತ್ತವೆ. ಐಪಿ ಹಾಕಿ ಕೈತೊಳೆದುಕೊಂಡೆ ಎಂದು ನಿಶ್ಚಿಂತರಾಗಿ ಕುಳಿತವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ, ಲೆಕ್ಕದ ಪುಸ್ತಕ ಇಟ್ಟಿರದಿದ್ದರೆ, ತೀರಿಸಲಾಗದೆಂದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದರೆ ಪೂರ್ಣ ಋಣಮುಕ್ತಿ ಸಿಗುವುದು ಕಷ್ಟ. ಅಲ್ಲಿಯವರೆಗೆ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಸಾಲ ಪಡೆದರೂ ಅಪರಾಧ.

ಈಗ ನಿಮ್ಮ ಅಂಕಿಗಳನ್ನೇ ಕೂಡಿಸಿ ನೋಡೋಣ. ಮನೆ 38 ಲಕ್ಷಕ್ಕೆ ಹೋದರೆ, ಮನೆ ಸಾಲದ 17 ಲಕ್ಷ ಕಳೆದು 21 ಲಕ್ಷ ಉಳಿಯುತ್ತದೆ. ಯಂತ್ರ 6 ಲಕ್ಷಕ್ಕೆ ಹೋದರೆ ಅದರ ಸಾಲದಲ್ಲಿ 3 ಲಕ್ಷ ಬಾಕಿ. ಅದಕ್ಕೆ ಉಳಿದವರ 20 ಲಕ್ಷ ಸೇರಿಸಿದರೆ 23 ಲಕ್ಷ. ಕೊರತೆ 2 ಲಕ್ಷ ಮಾತ್ರ, ಊರಿನ ಜಮೀನಿನ ಪಾಲು ಅದನ್ನು ತುಂಬಿಸಿ ಮಿಗಬಹುದು. ಅಂದರೆ ನಿಮಗೆ ಕೈಯಲ್ಲಿ ನಗದಿಲ್ಲ, ಆದರೆ ಸಾಲ ತೀರಿಸುವಷ್ಟು ಆಸ್ತಿ ಇದೆ. ದಿವಾಳಿ ಅರ್ಜಿ ಹಾಕುವವನು ಸಾಲ ತೀರಿಸಲು ತನಗೆ ಶಕ್ತಿಯಿಲ್ಲ ಎಂದು ಮೇಲ್ನೋಟಕ್ಕಾದರೂ ತೋರಿಸಬೇಕು. ನಿಮ್ಮ ಆಸ್ತಿ ಪಟ್ಟಿ ನೋಡಿದ ಎದುರು ವಕೀಲರು ಮೊದಲ ದಿನವೇ ಇದನ್ನು ಎತ್ತುತ್ತಾರೆ, ಅರ್ಜಿ ವಜಾ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಹಾಗಾಗಿ ನಿಮ್ಮ ಜಾಗದಲ್ಲಿದ್ದರೆ ನಾನು ಅರ್ಜಿ ಹಾಕುವುದಿಲ್ಲ, ಮನೆಯನ್ನು ನಾನೇ ಮಾರುತ್ತೇನೆ. ಕಹಿಯಾದ ಮಾತು, ಗೊತ್ತು. ಆದರೆ ಹರಾಜಿನಲ್ಲಿ ಹೋಗುವ ಬೆಲೆಗೂ ಬ್ಯಾಂಕಿನ ಒಪ್ಪಿಗೆ ಪಡೆದು ನಿಧಾನವಾಗಿ ಕುದುರಿಸುವ ಬೆಲೆಗೂ ಸಾಮಾನ್ಯವಾಗಿ ದೊಡ್ಡ ಅಂತರವಿರುತ್ತದೆ, ಆ ಅಂತರವೇ ನಿಮ್ಮ ಹೆಂಡತಿಯ ಸಂಬಳವನ್ನೂ ನಿವೇಶನವನ್ನೂ ಕಾಯುತ್ತದೆ. ಕ್ರೆಡಿಟ್ ಕಾರ್ಡಿನವರು ಒಂದೇ ಕಂತಿನ ಇತ್ಯರ್ಥಕ್ಕೆ ಬಡ್ಡಿಯನ್ನು, ಕೆಲವೊಮ್ಮೆ ಅಸಲಿನಲ್ಲೂ ಒಂದಷ್ಟನ್ನು ಬಿಟ್ಟುಕೊಡುತ್ತಾರೆ. ಒಪ್ಪಿದ್ದನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕಟ್ಟಿ, ಬಾಕಿಯಿಲ್ಲ ಎಂಬ ಪತ್ರ ತೆಗೆದುಕೊಳ್ಳಿ. ಕಾಗದದ ವ್ಯಾಪಾರಿಗಳನ್ನು ಒಟ್ಟಿಗೆ ಕೂರಿಸಿ ಎಲ್ಲರಿಗೂ ಒಂದೇ ಅನುಪಾತದಲ್ಲಿ ಕೊಡುವ ಮಾತಾಡಿ. ನಡುವೆ ಯಾರಾದರೂ ಡಿಕ್ರಿ ತಂದು ಸೆರೆಮನೆಯ ಬೆದರಿಕೆ ಹಾಕಿದರೆ ಹೆದರಬೇಡಿ. ಕೊಡಲು ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಸಾಲಗಾರನನ್ನು ಸೆರೆಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನಂತೂ ಬಂಧಿಸುವಂತೆಯೇ ಇಲ್ಲ.

ಆರು ತಿಂಗಳಲ್ಲಿ ಮನೆ ಮಾರಾಟವಾಗದೆ, ಬೆಲೆ ಕುಸಿದು, ಲೆಕ್ಕ ನಿಜಕ್ಕೂ ಕೊರತೆಯ ಕಡೆ ವಾಲಿದರೆ ಆಗ ಅರ್ಜಿಯ ಬಗ್ಗೆ ಯೋಚಿಸೋಣ. ಅಂಥ ದಿನ ಬಂದರೆ ವಕೀಲರ ಬಳಿ ಹೋಗುವಾಗ ಮುದ್ರಣಾಲಯದ ಕಳೆದ ಮೂರು ವರ್ಷದ ಲೆಕ್ಕದ ಪುಸ್ತಕ, ಎಲ್ಲ ಸಾಲಪತ್ರಗಳ ನಕಲು, ಮನೆಯ ಮತ್ತು ನಿವೇಶನದ ಋಣಭಾರ ಪ್ರಮಾಣಪತ್ರ, ಜಮೀನಿನ ಪಹಣಿ, ವಂಶವೃಕ್ಷ ಇವಿಷ್ಟನ್ನು ಒಯ್ಯಿರಿ. ಭಾವಮೈದುನರನ್ನು ಕರೆದೊಯ್ಯುವುದು ಬಿಡುವುದು ನಿಮಗೆ ಬಿಟ್ಟದ್ದು.